ಯಜಮಾನಿಕೆಗೆ ಮೊದಲೋ, ಆಮೇಲೋ

ಜಿಪಾರ್ ಕೂತಲ್ಲಿ ಕೂರುವ ಹೆಣ್ಣಲ್ಲ. ಚಹಾದ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕಿಳಿಯುತ್ತಾಳೆ. ಅರ್ಧ ಕುಡಿಯುವಷ್ಟರಲ್ಲಿ ಇನ್ನೇನೋ ಕೆಲಸ ನೆನಪಾಗಿ, ಬಟ್ಟಲನ್ನು ಕಲ್ಲಿದ್ದಲ ರಾಶಿಯ ಮೇಲೋ ನಾಯಿಗೂಡಿನ ಮೇಲೋ ಇಟ್ಟು ಓಡುತ್ತಾಳೆ. ಸಂಜೆಯಾದರೆ ಅವಳ ತಾಯಿ ಬುರುಲ್ ಬಟ್ಟಲು ಹುಡುಕುತ್ತ ಅಂಗಳವೆಲ್ಲ ಸುತ್ತಬೇಕು. "ಬೇರೆಯೋರ ಮನೇಲಿ ಕೋಳಿ ಎಲ್ಲಿ ಮೊಟ್ಟೆ ಇಟ್ಟಿದೆ ಅಂತ ಹುಡುಕ್ತಾರೆ. ನಮ್ಮನೇಲಿ ಮಗಳು ಎಲ್ಲಿ ಬಟ್ಟಲು ಇಟ್ಟಿದಾಳೆ ಅಂತ," ಎಂದು ಬೇಲಿಯಾಚೆಯವರಿಗೂ ಕೇಳುವಂತೆ ಗೊಣಗುತ್ತಾಳೆ.

ಹುಟ್ಟಿನಿಂದಲೇ ಹೀಗಿದ್ದಳು ಎನ್ನುವಂತಿಲ್ಲ. ಅಪ್ಪ ಇದ್ದಷ್ಟು ದಿನ ಒಲೆಯ ಪಕ್ಕದಲ್ಲಿ ಕಂಬಳಿ ಮಡಿಸಿ ಹಾಕಿಕೊಂಡು, ಬಣ್ಣದ ಪೆನ್ಸಿಲು ಚೂಪು ಮಾಡುತ್ತ ಗಂಟೆಗಟ್ಟಲೆ ಕೂರುತ್ತಿದ್ದ ಸಾಧು ಮಗು. ಅವಳು ಇನ್ನೂ ಶಾಲೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ನಲವತ್ತನೆಯ ದಿನದ ಊಟಕ್ಕೆ ಬಂದ ನೆಂಟರು, ಹೊಲಕ್ಕೆ ನೀರು ಬಿಡುವ ಸರದಿ ಯಾರು ನೋಡಿಕೊಳ್ಳುತ್ತೀರಿ, ಚಳಿಗಾಲಕ್ಕೆ ಕಲ್ಲಿದ್ದಲು ಯಾರು ತರಿಸುತ್ತೀರಿ ಎಂದು ಕೇಳಿದರು. ಬುರುಲ್ ಮಗಳ ಮುಖ ನೋಡಿದಳು. "ನಾನು ನೋಡ್ಕೊಳ್ತೀನಿ," ಎಂದುಬಿಟ್ಟಳು ಜಿಪಾರ್. ಅಂದಿನಿಂದ ಆ ಮನೆಯಲ್ಲಿ ಕೇಳಬೇಕಾದ ಮಾತೆಲ್ಲ ಅವಳ ಕಡೆಗೇ ತಿರುಗಿತು. ತಮ್ಮ ಮೆದೆರ್‌ನ ಶಾಲೆ, ಸೋರುವ ಮಾಡು, ಕರು ಹಾಕಲಾರದೆ ಒದ್ದಾಡಿದ ಹಸು, ಎಲ್ಲಕ್ಕೂ ಜಿಪಾರ್. ಕಾಲೇಜಿಗೂ ಹೋದಳು, ಆದರೆ ಊರಿನಲ್ಲಿದ್ದ ಕಾಲೇಜಿಗೇ. ಮಧ್ಯಾಹ್ನ ಪಾಠ ಬಿಟ್ಟು ನೀರಿನ ಸರದಿಗೆ ಓಡುತ್ತಿದ್ದಳು.

ಕಾಲೇಜು ಮುಗಿದ ಮೇಲೆ ಕಾರಾಕೋಲ್ ಪಟ್ಟಣದ ಅಂಚಿನಲ್ಲಿ ಸಾತ್ಕಿನ್ ಎಂಬುವಳ ಕುರುತ್ ಕಾರ್ಖಾನೆಗೆ ಸೇರಿದಳು. ಉಪ್ಪು ಹಾಕಿದ ಮೊಸರನ್ನು ಉಂಡೆ ಕಟ್ಟಿ ಒಣಗಿಸಿ ಪೊಟ್ಟಣ ಮಾಡಿ ಮಾರುವ ಕೆಲಸ. ಸಾತ್ಕಿನ್ ಹಿಂದೆ ಹಾಲಿನ ಲಾರಿ ಓಡಿಸುತ್ತಿದ್ದ ಹೆಂಗಸು. ಬಾಯಲ್ಲಿ ಎರಡು ಚಿನ್ನದ ಹಲ್ಲು, ಕೈ ಗಂಡಸಿನ ಕೈ, ದನಿ ಲಾರಿಯ ದನಿ. ಎಲ್ಲರೂ ಅವಳನ್ನು ಎಜೆ, ಅಂದರೆ ಅಕ್ಕ, ಎನ್ನುತ್ತಿದ್ದರು.

ಆ ವಸಂತದಲ್ಲಿ, ಏಪ್ರಿಕಾಟ್ ಗಿಡಗಳು ಹೂಬಿಟ್ಟು ಬೀದಿಯೆಲ್ಲ ಕೆಸರಾಗಿದ್ದ ಹೊತ್ತಿನಲ್ಲಿ, ಜಿಪಾರ್‌ಗೆ ಗಡಿಯಾಚೆಯ ಅಲ್ಮಾಟಿಯಿಂದ ಸುದ್ದಿ ಬಂತು. ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಮ್ಯಾನೇಜ್‌ಮೆಂಟ್ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ, ಖರ್ಚೂ ಅವರದೇ, ಬರುತ್ತೀಯೋ ಇಲ್ಲವೋ ತಿಂಗಳು ಮುಗಿಯುವುದರೊಳಗೆ ಹೇಳು ಎಂದು. ಅವಳು ಹೋದ ಚಳಿಗಾಲದಲ್ಲಿ ಯಾರಿಗೂ ಹೇಳದೆ ಅರ್ಜಿ ಹಾಕಿದ್ದಳು. ಸಿಗುವುದಿಲ್ಲ ಎಂದುಕೊಂಡೇ ಹಾಕಿದ್ದು. ಸಿಕ್ಕಿದ ಮೇಲೆ ಶುರುವಾಯಿತು ಸಂಕಟ.

ಸಾತ್ಕಿನ್‌ಗೆ ಹೇಳಿದಾಗ ಅವಳು ಮೊಸರಿನ ಬಾನಿಯಿಂದ ಕೈ ತೆಗೆಯದೆ ಕೇಳಿದಳು:

"ಅಲ್ಲೇನು ಕಲಿಸ್ತಾರೆ?"

"ಮ್ಯಾನೇಜ್‌ಮೆಂಟು, ಎಜೆ. ಜನರ ಕೈಲಿ ಕೆಲಸ ಮಾಡ್ಸೋದು, ವ್ಯಾಪಾರ ನಡೆಸೋದು."

"ಅದನ್ನ ಇಲ್ಲಿ ಮಾಡ್ತಾನೇ ಇದೀಯಲ್ಲೇ. ಮಾಡ್ತಿರೋದನ್ನ ಬಿಟ್ಟು, ಅದು ಏನು ಅಂತ ಕೇಳೋಕೆ ಹೋಗ್ತೀಯಾ?" ಸಾತ್ಕಿನ್ ಕೈ ಒರೆಸಿಕೊಂಡಳು. "ಕೇಳಿಲ್ಲಿ. ಪೊಟ್ಟಣ ಕಟ್ಟೋ ಶೆಡ್ಡು ಇನ್ಮೇಲೆ ನಿಂದು. ಅಲ್ಲಿರೋ ಹೆಂಗಸರೆಲ್ಲ ನಿನ್ನ ಕೈಕೆಳಗೆ. ಒಂದೆರಡು ವರ್ಷ ನಡೆಸು. ಆಮೇಲೆ ಬಿಷ್ಕೆಕ್‌ನಲ್ಲಿ ಎಂಬಿಎ ಮಾಡು. ಶನಿವಾರ ಭಾನುವಾರ ಹೋಗಿ ಬಂದ್ರಾಯ್ತು, ಕೆಲಸಾನೂ ಉಳಿಯುತ್ತೆ. ಅಲ್ಲಿ ಕೂರೋರೆಲ್ಲ ದುಡಿದು ಮೈ ಸುಟ್ಕೊಂಡೋರು. ನಿನ್ನ ಅಲ್ಮಾಟೀಲಿ ಯಾರಿರ್ತಾರೆ? ಹಾಲು ಹಲ್ಲು ಬಿದ್ದಿಲ್ದಿರೋ ಮಕ್ಕಳು."

"ಯೋಚನೆ ಮಾಡ್ತೀನಿ."

"ಮಾಡು, ಆದ್ರೆ ಓಡಾಡ್ಕೊಂಡು ಮಾಡ್ಬೇಡ. ನಿನ್ನ ನೋಡಿದ್ರೆ ನಂಗೆ ತಲೆ ಸುತ್ತುತ್ತೆ. ತಿಂಗಳ ಕೊನೇಗೆ ಹೇಳು. ಬೇಸಿಗೆ ಹಾಲು ಬಂದ್ಮೇಲೆ ನಂಗೆ ಪುರುಸೊತ್ತಿಲ್ಲ."

ಇದರಲ್ಲಿ ಕಷ್ಟ ಎಲ್ಲಿತ್ತೆಂದರೆ, ಮಾಸ್ಟರ್ಸ್ ಎನ್ನುವುದು ಕೆಲಸಕ್ಕೆ ಇನ್ನೂ ಹೊಸಬರಾದವರಿಗೆ. ಎರಡು ವರ್ಷಕ್ಕಿಂತ ಹೆಚ್ಚು ದುಡಿದವರನ್ನು ಆ ವಿಶ್ವವಿದ್ಯಾಲಯ ಸೇರಿಸಿಕೊಳ್ಳುವುದಿಲ್ಲ. ಎಂಬಿಎ ಎನ್ನುವುದು ದುಡಿದವರಿಗೆ, ನಾಲ್ಕು ಜನರನ್ನು ಕೈಕೆಳಗಿಟ್ಟುಕೊಂಡು ನಡೆಸಿ ಬಂದವರಿಗೆ. ಒಂದು ಯಜಮಾನಿಕೆಗೆ ಮೊದಲು, ಇನ್ನೊಂದು ಆಮೇಲೆ. ಜಿಪಾರ್ ಕುರುತ್ ಕಾರ್ಖಾನೆಗೆ ಬಂದು ಎರಡು ವರ್ಷ ತುಂಬುತ್ತಿತ್ತು. ಈ ಸಲ ಬಿಟ್ಟರೆ ಮೊದಲನೆಯ ಬಾಗಿಲು ಮುಚ್ಚಿಹೋಗುತ್ತದೆ, ಎರಡನೆಯದು ಇನ್ನೂ ತೆರೆದಿಲ್ಲ. ಮೊದಲನೆಯದಕ್ಕೆ ಹೋದರೆ ಕೆಲಸವೂ ಶೆಡ್ಡೂ ಸಾತ್ಕಿನ್‌ಳ ಮಾತೂ ಹೋಗುತ್ತದೆ.

ಬುರುಲ್ ತನಗೆ ತಿಳಿದಂತೆ ದಾರಿ ಹುಡುಕಿದಳು. ಬೀದಿಯ ಕೊನೆಯ ಮನೆಯ ಮುದುಕಿಯ ಹತ್ತಿರ ಹೋಗಿ ಮಗಳಿಗೆ ಬಾತಾ ಕೊಡಿ, ಅಂಗೈ ಚಾಚಿ ಹರಸಿ, ಎಂದು ಬೇಡಿದಳು.

"ಯಾವುದಕ್ಕೆ ಕೊಡ್ಲಿ? ಹೋಗೋದಕ್ಕೋ ಇರೋದಕ್ಕೋ?" ಎಂದು ಮುದುಕಿ ಕೇಳಿದಳು.

"ಎರಡಕ್ಕೂ ಕೊಟ್ಬಿಡಿ. ಯಾವುದಾದ್ರೂ ಒಂದು ಹತ್ಕೊಳ್ಳುತ್ತೆ."

ಮುದುಕಿ ಎರಡಕ್ಕೂ ಕೊಟ್ಟಳು. ಜಿಪಾರ್‌ಗೆ ನಿದ್ದೆ ಇನ್ನಷ್ಟು ಕೆಟ್ಟಿತು. ಬೆಳಿಗ್ಗೆ ಹಲ್ಲುಜ್ಜುವಾಗ ಅಲ್ಮಾಟಿ ಎನ್ನುವಳು, ವ್ಯಾನು ಹತ್ತುವಾಗ ಬಿಷ್ಕೆಕ್ ಎನ್ನುವಳು, ಇಳಿಯುವಾಗ ಎರಡೂ ಬೇಡವೆನಿಸುತ್ತಿತ್ತು.

ಈ ಗಲಾಟೆಯ ಮಧ್ಯೆಯೇ ಬೀಗರು ಬಂದರು. ತಮ್ಮ ಮೆದೆರ್ ರಾಜಧಾನಿ ಬಿಷ್ಕೆಕ್‌ನಲ್ಲಿ ಕೆಲಸದಲ್ಲಿದ್ದಾಗ ದೇಶದ ಇನ್ನೊಂದು ತುದಿಯ ತಲಾಸ್ ಕಡೆಯ ಕುಂದುಜ್ ಎಂಬ ಹುಡುಗಿಯನ್ನು ಮೆಚ್ಚಿ ಮದುವೆಯಾಗಿದ್ದ. ಆಗ ತಾನೇ ಅವಳನ್ನು ಕರೆದುಕೊಂಡು ಊರಿಗೆ ಬಂದಿದ್ದ. ಹುಡುಗಿಯ ಕಡೆಯವರು ಮೊದಲ ಸಲ ಬೀಗರ ಮನೆಗೆ ಬರುವ ದಿನ. ಕುಂದುಜ್‌ಳ ಅಜ್ಜ ಕಲ್ಮತ್ ಬಂದಿದ್ದ, ಅಜ್ಜಿ ಬಂದಿದ್ದಳು, ಲಾರಿ ಓಡಿಸುವ ಅಣ್ಣ ನೂರ್ಗಾಜಿ ಬಂದಿದ್ದ, ಇನ್ನೂ ಆರೇಳು ಜನ. ಹೊಸ ಸೊಸೆ ರೂಢಿಯಂತೆ ಒಳಕೋಣೆಯ ಪರದೆಯ ಹಿಂದೆ ಕೂತಿದ್ದಳು. ಕುರಿ ಕಡಿದಾಗಿತ್ತು, ಹಂಡೆಯಲ್ಲಿ ಬೆಂದಿತ್ತು, ಚಹಾ, ಎಣ್ಣೆಯಲ್ಲಿ ಕರಿದ ಬೊರ್ಸೋಕ್, ಜಾಮು ಎಲ್ಲ ಒಂದು ಸುತ್ತು ಮುಗಿದಿತ್ತು. ಎಲುಬು ಹಂಚುವ ಓರೋಜ್ ದೊಡ್ಡಪ್ಪ ಮಾತ್ರ ಬಂದಿರಲಿಲ್ಲ.

ಎಲುಬು ಹಂಚುವುದೆಂದರೆ ಬಡಿಸುವುದಲ್ಲ. ಯಾರ ಮುಂದೆ ಯಾವ ಎಲುಬು ಇಡುತ್ತೀರಿ ಎನ್ನುವುದೇ ಅವರನ್ನು ನೀವು ಏನೆಂದು ತಿಳಿದಿದ್ದೀರಿ ಎನ್ನುವ ಮಾತು. ಅಡುಗೆಮನೆಯಲ್ಲಿ ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ದೊಡ್ಡಪ್ಪನ ಕಾರು ಕೆಸರಿನಲ್ಲಿ ಹೂತಿದೆ, ಟ್ರ್ಯಾಕ್ಟರ್ ಬರಬೇಕು ಎಂದು ಫೋನು ಬಂತು.

"ಹಂಡೆ ಇಳಿಸಿ ಎಷ್ಟು ಹೊತ್ತಾಯ್ತು," ಎಂದಳು ಜಿಪಾರ್. ಅವಳು ಒಳಗೆ ಹೊರಗೆ ಓಡಾಡಿ ನೆಲ ಸವೆಸಿದ್ದಳು.

"ಇನ್ನೊಂದಿಷ್ಟು ಚಹಾ ಕೊಟ್ಟು ಕಾಯೋಣ," ಎಂದ ಮೆದೆರ್.

"ಹೊಟ್ಟೇಲಿ ಸರೋವರ ಮಾಡ್ತೀಯೇನೋ ಅವರಿಗೆ?"

ನೆರೆಮನೆಯವನೊಬ್ಬ ನಗುತ್ತ ಹೇಳಿದ: "ಮ್ಯಾನೇಜರ್ ಮನೇಲೇ ಇರುವಾಗ ನಿಮಗ್ಯಾಕೆ ಚಿಂತೆ."

ಅಷ್ಟು ಸಾಕಾಯಿತು. ಹೆಣ್ಣು ಚಾಕು ಹಿಡಿಯಬಾರದೆಂದು ಯಾರೂ ಹೇಳಿಲ್ಲ, ಹಿಡಿಯುವ ರೂಢಿ ಇಲ್ಲ ಅಷ್ಟೇ. ಜಿಪಾರ್ ಅಂಗಿಯ ತೋಳು ಮಡಿಸಿ ಚಾಕು ಎತ್ತಿಕೊಂಡಳು. ಕ್ರಮ ಅವಳಿಗೆ ಗೊತ್ತಿತ್ತು, ನೋಡಿ ನೋಡಿ ಬಾಯಿಪಾಠವಾಗಿತ್ತು. ಎಲ್ಲಕ್ಕಿಂತ ದೊಡ್ಡದು ಜಂಬಾಶ್, ಸೊಂಟದ ಎಲುಬು; ಅದು ಹಿರಿಯನಿಗೆ. ಹಿರಿಯ ಹೆಂಗಸಿಗೆ ಬಾಲದ ಬುಡ. ತೊಡೆಯ ಎಲುಬುಗಳು ವಯಸ್ಸಿನ ಮೇಲೆ. ಕುರಿಯ ತಲೆ ಹುಡುಗರಿಗೆ. ಚಕಚಕನೆ ತಟ್ಟೆ ತುಂಬಿಸಿ ಕಳಿಸಿದಳು. ಮಾಂಸದಿಂದ ಇನ್ನೂ ಹಬೆ ಏಳುತ್ತಿತ್ತು. ದೊಡ್ಡಪ್ಪ ಒಂದು ತಟ್ಟೆಗೆ ತೆಗೆದುಕೊಳ್ಳುವ ಹೊತ್ತಿನಲ್ಲಿ ಅವಳದು ಎಲ್ಲವೂ ಮುಗಿದಿತ್ತು. ಕೈ ತೊಳೆಯುತ್ತ ಅವಳಿಗೆ ಹೆಮ್ಮೆಯೇ ಆಯಿತು.

ಒಳಗೆ ಮಾತು ನಿಂತಿದ್ದು ಅವಳಿಗೆ ತಡವಾಗಿ ಗೊತ್ತಾಯಿತು. ಹೋಗಿ ನೋಡಿದರೆ ನೂರ್ಗಾಜಿ ತನ್ನ ಮುಂದಿದ್ದ ಕುರಿತಲೆಯನ್ನು ಕೆಂಡ ಮುಟ್ಟಿದವನಂತೆ ಎರಡು ಬೆರಳಿನಿಂದ ದೂರ ತಳ್ಳಿದ್ದ. ಮುದುಕ ಕಲ್ಮತ್ ಜಂಬಾಶನ್ನು ಮುಟ್ಟದೆ ಕಿಟಕಿ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಅಂಗೈ ಚಾಚಿ ಚುಟುಕಾಗಿ ಹರಸಿ ಎದ್ದುಬಿಟ್ಟ. ರಾತ್ರಿ ಉಳಿಯಲೆಂದು ಹಾಕಿದ್ದ ಹಾಸಿಗೆಗಳು ಹಾಸಿದಂತೆಯೇ ಉಳಿದವು. ಮನೆಗೆ ಒಯ್ಯಲೆಂದು ಚೀಲದಲ್ಲಿ ಕಟ್ಟಿಕೊಟ್ಟ ಮಾಂಸವನ್ನೂ ಒಬ್ಬರೂ ಎತ್ತಲಿಲ್ಲ. ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ.

ಕಾರುಗಳು ಹೋದ ಮೇಲೆ ಪರದೆಯ ಹಿಂದಿನಿಂದ ಅಳು ಕೇಳಿಸಿತು. ಕುಂದುಜ್ ಮೂಗು ಒರೆಸಿಕೊಳ್ಳುತ್ತ ಹೇಳಿದಳು: "ನಮ್ಮನೇಲಿ ತಲೆ ಇಡೋದು ತಾತಂಗೆ. ತಾತ ಕೂತಿರುವಾಗಲೇ ಅಣ್ಣನ ಮುಂದೆ ಇಟ್ರಲ್ಲ. ಇನ್ನು ನಿನ್ನ ಕಾಲ ಮುಗೀತು ಅಂತ ಮುಖದ ಮೇಲೆ ಹೇಳಿದ ಹಾಗೆ."

"ನಮ್ಮಲ್ಲಿ ಹುಡುಗರಿಗೇ ಕೊಡೋದು," ಎಂದಳು ಜಿಪಾರ್. ಹೇಳುವಾಗಲೇ ಅವಳ ದನಿ ಇಳಿಯಿತು.

"ನಿಮ್ಮಲ್ಲಿ, ಎಜೆ."

ಆ ವಾರವಿಡೀ ಅದೇ ಮಾತು. ಬುರುಲ್ ಎದ್ದರೆ ಕೂತರೆ ಹೇಳುತ್ತಿದ್ದಳು: "ಅದಕ್ಕೇ ಹೇಳೋದು, ಅಲ್ಮಾಟಿಗೆ ಹೋಗು ಅಂತ. ಮೊದಲು ಕಲಿ, ಆಮೇಲೆ ಚಾಕು ಹಿಡಿ." ಸಾತ್ಕಿನ್ ಕಥೆ ಕೇಳಿ ಚಿನ್ನದ ಹಲ್ಲು ಕಾಣುವಷ್ಟು ನಕ್ಕಳು: "ಅದಕ್ಕೇ ಹೇಳಿದ್ದು, ಇಲ್ಲೇ ಇರು ಅಂತ. ತಪ್ಪು ಮಾಡದೆ ಯಾರಿಗೆ ಬಂದಿದೆ? ಎಂಬಿಎಗೆ ಹೋದಾಗ ಹೇಳ್ಕೊಳ್ಳೋಕೆ ಒಂದು ಕಥೆಯಾಯ್ತು." ಒಂದೇ ಎಡವಟ್ಟನ್ನು ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದುಕೊಂಡರು. ಇಬ್ಬರ ಮಾತೂ ಜಿಪಾರ್‌ಗೆ ಸರಿಯೆಂದೇ ಕಂಡಿತು. ಅದೇ ಅವಳನ್ನು ಕೊಲ್ಲುತ್ತಿತ್ತು.

ಇನ್ನೇನು ತಿಂಗಳು ಮುಗಿಯಬೇಕು ಎನ್ನುವಾಗ ಅವಳು ಒಂದು ಬೆಳಿಗ್ಗೆ ಮೆದೆರ್‌ನನ್ನು ಎಬ್ಬಿಸಿದಳು. "ನಡಿ, ತಲಾಸ್‌ಗೆ ಹೋಗ್ಬರೋಣ. ಕುಂದುಜ್‌ನ ಕರ್ಕೊ. ಒಂದು ಕುರೀನೂ ಹಾಕ್ಕೊ."

"ಕುರೀನಾ? ಕಾರಲ್ಲಾ?"

"ನಿನ್ನ ತೊಡೆ ಮೇಲೆ ಕೂರಿಸ್ಕೊ ಅಂತ ಹೇಳಿಲ್ಲ. ಹಿಂದೆ ಹಾಕು."

ರಸ್ತೆ ಪಕ್ಕದ ದೊಡ್ಡ ಸರೋವರ ಮುಗಿಯುವವರೆಗೂ ಕುರಿ ಅರಚುತ್ತಲೇ ಇತ್ತು. ಪೊಲೀಸರು ನಿಲ್ಲಿಸಿ ಒಳಗೆ ಇಣುಕಿ, "ಬೀಗರ ಮನೆಗಾ?" ಎಂದು ಕೇಳಿ ನಗುತ್ತ ಬಿಟ್ಟರು. ಬಿಷ್ಕೆಕ್ ದಾಟಿ ಘಟ್ಟ ಹತ್ತಿದಾಗ ಕುಂದುಜ್ ಕೇಳಿದಳು: "ಎಜೆ, ತಾತನ ಮುಂದೆ ಏನು ಹೇಳ್ತೀರಾ?" ಜಿಪಾರ್ ದಾರಿಯುದ್ದಕ್ಕೂ ಅದನ್ನೇ ಕಟ್ಟುತ್ತಿದ್ದಳು, ಕಟ್ಟಿದ್ದನ್ನು ಕೆಡವುತ್ತಿದ್ದಳು. "ಗೊತ್ತಿಲ್ಲ ಕಣೇ," ಎಂದಳು.

ಮುದುಕ ಕಲ್ಮತ್ ಬಾಗಿಲಲ್ಲೇ ನಿಂತಿದ್ದ. ಕುರಿಯನ್ನು ನೋಡಿ, "ನೀವು ಇದನ್ನ ಕರ್ಕೊಂಡು ಬಂದ್ರಾ, ಅದೇ ನಿಮ್ಮನ್ನ ಕರ್ಕೊಂಡು ಬಂತಾ," ಎಂದ. ಜಿಪಾರ್ ಕಟ್ಟಿಕೊಂಡು ಬಂದ ಮಾತನ್ನು ಶುರುಮಾಡಿದಳು. ಅವನು ಕೈ ಅಡ್ಡ ಹಿಡಿದ. "ಮೊದಲು ಒಳಗೆ ಬಾ. ಕ್ಷಮೆ ಕೇಳೋದು ತಂಗಳಾಗಲ್ಲ, ಆಮೇಲೂ ಕೇಳ್ಬಹುದು."

ಒಳಗೆ ಅವಳನ್ನು ಬಾಗಿಲಿನಿಂದ ದೂರದ, ಮಾನದ ಜಾಗದಲ್ಲಿ ಕೂರಿಸಿದರು. ನೂರ್ಗಾಜಿ ಕುರಿಯನ್ನು ಹಿತ್ತಿಲಿಗೆ ಒಯ್ದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾದರೆ ಜಿಪಾರ್ ಏಳುತ್ತಿದ್ದಳು. ಅಜ್ಜಿ ಭುಜ ಒತ್ತಿ ಕೂರಿಸುತ್ತಿದ್ದಳು. ನೀರು ತರುವ ಸದ್ದಾಯಿತು, ಮತ್ತೆ ಎದ್ದಳು, ಮತ್ತೆ ಕೂರಿಸಿದಳು.

"ಇರುವೆ ಗೂಡಿನ ಮೇಲೆ ಕೂತಿದೀಯಾ ಹೇಗೆ?" ಎಂದ ಮುದುಕ. ಎಲ್ಲರೂ ನಕ್ಕರು. ಅವನು ನಗಲಿಲ್ಲ. "ಅವತ್ತು ಚಾಕು ನಿನ್ನ ಕೈಗೆ ಕೊಟ್ಟೋರು ಯಾರು?"

"ಯಾರೂ ಕೊಡ್ಲಿಲ್ಲ ತಾತ. ನಾನೇ ತಗೊಂಡೆ."

"ಯಾಕೆ?"

"ಮಾಂಸ ಆರಿಹೋಗ್ತಿತ್ತು."

"ಆರ್ಲಿ ಬಿಡಬೇಕಿತ್ತು." ಮುದುಕ ಗಡ್ಡ ಸವರಿಕೊಂಡ. "ನಂಗೆ ಸಿಟ್ಟು ಬಂದಿದ್ದು ನಿಜ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ಜಂಬಾಶು ಚೆನ್ನಾಗಿ ಬೆಂದಿತ್ತು ಕಣಮ್ಮ. ಬಿಷ್ಕೆಕ್‌ವರೆಗೂ ಅದೇ ಕಣ್ಣ ಮುಂದೆ ಬರ್ತಿತ್ತು. ಅದಕ್ಕೆ ಇನ್ನೂ ಸಿಟ್ಟು ಬಂತು."

ಈಗ ಜಿಪಾರ್‌ಗೂ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಕ್ಷಮೆ ಕೇಳಿದಳು. ಮುದುಕ ತಲೆಯಾಡಿಸಿದ. ಆ ಮಾತು ಅಲ್ಲಿಗೆ ಮುಗಿಯಿತು.

ಮಾಂಸ ಬೆಂದಾಗ ಹಂಚಲು ಕೂತವನು ನೂರ್ಗಾಜಿ. ಅವನು ಅವಸರ ಮಾಡಲಿಲ್ಲ. ಒಂದೊಂದು ಎಲುಬು ಎತ್ತಿ ಅಜ್ಜನ ಕಡೆ ನೋಡುತ್ತಿದ್ದ. ಅಜ್ಜ ಕಣ್ಣಲ್ಲೇ ಹೂಂ ಎನ್ನುತ್ತಿದ್ದ, ಕೆಲವು ಸಲ ಅನ್ನುತ್ತಿರಲಿಲ್ಲ. ಆಗ ನೂರ್ಗಾಜಿ ಅದನ್ನು ಕೆಳಗಿಟ್ಟು ಬೇರೆಯದನ್ನು ಎತ್ತುತ್ತಿದ್ದ. ಮೆದೆರ್‌ನ ಹತ್ತಿರ ಬಗ್ಗಿ, "ನಿಮ್ಮ ಕಡೆ ಅಳಿಯಂಗೆ ಏನು ಇಡ್ತಾರೆ ಭಾವ?" ಎಂದು ಕೇಳಿ ಹಾಗೆಯೇ ಇಟ್ಟ. ಮಾಂಸ ಸ್ವಲ್ಪ ಆರಿತು. ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ.

"ಇದೆಲ್ಲ ಎಲ್ಲಿ ಕಲಿತೆ?" ಎಂದು ಜಿಪಾರ್ ಕೇಳಿದಳು.

"ಎಲ್ಲೂ ಕಲೀಲಿಲ್ಲ. ಚಿಕ್ಕೋನಿದ್ದಾಗಿಂದ ಕೈಗೆ ನೀರು ಹಾಕೋ ಚೊಂಬು ಹಿಡ್ಕೊಂಡು ಅಪ್ಪನ ಪಕ್ಕ ನಿಂತ್ಕೊಳ್ತಿದ್ದೆ. ಚಾಕು ಕೇಳಿದ್ರೆ ಬೈಸ್ಕೊಳ್ತಿದ್ದೆ. ಮದುವೆ ಆದ್ಮೇಲೆ ಒಂದಿನ ಅವರಾಗೇ ಕೊಟ್ರು."

ಜಿಪಾರ್ ತಟ್ಟೆ ನೋಡುತ್ತ ಕೂತಳು. ತಾನು ಯಾರ ಪಕ್ಕದಲ್ಲಾದರೂ ಹಾಗೆ ನಿಂತಿದ್ದೆನೇ ಎಂದು ಹುಡುಕಿದಳು. ನೀರಿನ ಸರದಿಯನ್ನು ಯಾರೂ ಕಲಿಸಿರಲಿಲ್ಲ. ಹಸುವಿನ ಹೆರಿಗೆಯನ್ನೂ ಯಾರೂ ತೋರಿಸಿರಲಿಲ್ಲ, ಟಾರ್ಚು ಹಿಡಿದು ಅವಳೇ ಮಾಡಿದ್ದು. ಸಾತ್ಕಿನ್ ಕೂಡ ಮೊದಲ ದಿನವೇ, "ನಿಂಗೆ ಹೇಳ್ಕೊಡಬೇಕಾಗಿಲ್ಲ ಬಿಡು," ಎಂದಿದ್ದಳು. ಅದನ್ನು ಹೊಗಳಿಕೆ ಎಂದುಕೊಂಡಿದ್ದಳು. ಎಲ್ಲವನ್ನೂ ನಡುವಿನಿಂದ ಶುರುಮಾಡಿದವಳು ತಾನು. ಹಾಲು ಹಲ್ಲು ಬಿದ್ದಿಲ್ಲದ ಮಕ್ಕಳ ಜೊತೆ ಕೂರುವುದು ಎಂದು ಸಾತ್ಕಿನ್ ಹಂಗಿಸಿದ್ದು ನೆನಪಾಯಿತು. ಅವರ ಜೊತೆ ಕೂರುವ ಆಸೆ, ಯಾರೂ ತನ್ನನ್ನು ಏನೂ ಕೇಳದ ಕಡೆ ಕೂರುವ ಆಸೆ, ಹಸಿವಿನಂತೆ ಒಳಗಿನಿಂದ ಎದ್ದಿತು.

ಮಾರನೆಯ ದಿನ ಘಟ್ಟದ ಮೇಲೆ ಕಾರು ನಿಲ್ಲಿಸಿದಾಗ ಅವಳು ಅಲ್ಮಾಟಿಗೆ ಬರುತ್ತೇನೆಂದು ಫೋನಿನಲ್ಲೇ ಬರೆದು ಕಳಿಸಿದಳು. ಸಿಗ್ನಲ್ ಇಲ್ಲದೆ ಅದು ಹೋಗಲಿಲ್ಲ. ಕೈ ಎತ್ತಿಕೊಂಡು ಹಿಮದಲ್ಲಿ ಆಚೆ ಈಚೆ ಓಡಾಡಿದಳು.

"ಏನು ಮಾಡ್ತಿದೀಯಾ ಅಕ್ಕ?" ಎಂದ ಮೆದೆರ್. ಹೇಳಿದಳು. ಅವನ ಮುಖ ಇಳಿಯಿತು. "ಮನೆ ಯಾರು ನೋಡ್ಕೊಳ್ತಾರೆ?"

"ನೀನು."

"ನಂಗೆ ಬರಲ್ಲ."

"ನಂಗೂ ಬರ್ತಿರ್ಲಿಲ್ಲ. ಕುಂದುಜ್‌ನ ಕೇಳ್ಕೊಂಡು ಮಾಡು."

ಕುಂದುಜ್ ಹಿಂದಿನ ಸೀಟಿನಲ್ಲಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಳು. ಕೆಳಗಿಳಿದ ಮೇಲೆ ಯಾವುದೋ ತಿರುವಿನಲ್ಲಿ ಸಂದೇಶ ಹೋಯಿತು. ಹೋದ ಕ್ಷಣದಿಂದ ಜಿಪಾರ್‌ಗೆ ತಪ್ಪು ಮಾಡಿದೆನೇ ಎಂಬ ಹೊಸ ಚಡಪಡಿಕೆ ಹಿಡಿಯಿತು.

ಸೋಮವಾರ ಸಾತ್ಕಿನ್ ಕೇಳಿಸಿಕೊಂಡಳು. ಬೈಯುತ್ತಾಳೆಂದು ಜಿಪಾರ್ ಕಾದಳು. ಅವಳು ಬೈಯಲಿಲ್ಲ, ಬಾನಿಯ ಅಂಚಿನ ಮೇಲೆ ಕೂತಳು.

"ಒಂದು ಎಲುಬು ಆಚೆ ಈಚೆ ಆಗಿದ್ದಕ್ಕೆ ಇಷ್ಟು ದೊಡ್ಡ ಜಾಗ ಬಿಡ್ತೀಯಾ?"

"ಎಜೆ, ಅವತ್ತು ಆ ತಾತ ಎದ್ದು ಹೋದ್ರು. ಅದಕ್ಕೇ ನಂಗೆ ಗೊತ್ತಾಯ್ತು. ಈ ಶೆಡ್ಡನ್ನೂ ನಾನು ಹಾಗೇ ನಡೆಸ್ತೀನಿ, ಬೇಗ ಬೇಗ, ನಂಗೆ ಗೊತ್ತಿರೋ ಹಾಗೆ. ಇಲ್ಲಿರೋರು ಯಾರೂ ಎದ್ದು ಹೋಗಲ್ಲ, ಅವರಿಗೆ ಸಂಬಳ ಬೇಕು. ನಂಗೆ ಗೊತ್ತೇ ಆಗಲ್ಲ."

ಸಾತ್ಕಿನ್ ಬಾನಿಯ ಅಂಚಿಗೆ ಅಂಟಿದ್ದ ಮೊಸರನ್ನು ಉಗುರಿನಿಂದ ಕೆರೆದಳು. ಶೆಡ್ಡಿನ ಕಡೆ ನೋಡಿದಳು, ತನ್ನ ಕೈ ನೋಡಿಕೊಂಡಳು.

"ವಾಪಸ್ ಬಂದಾಗ ಜಾಗ ಇರಲ್ಲ. ನಾನು ಕಾಯೋಳಲ್ಲ."

"ಗೊತ್ತು."

"ಮಾಸ್ಟರ್ಸ್ ಮಾಡಿದೋಳು ಆಮೇಲೆ ಎಂಬಿಎ ಅಂತ ಬಂದ್ರೆ ನಾನು ಶಿಫಾರಸೂ ಬರೆಯಲ್ಲ."

"ಬೇಡ ಎಜೆ."

"ಹಟಮಾರಿ." ಸಾತ್ಕಿನ್ ಎದ್ದಳು. "ಹಾಗಾದ್ರೆ ಶೆಡ್ಡಿಗೆ ಯಾರನ್ನ ಹಾಕ್ಲಿ? ಅದನ್ನಾದ್ರೂ ಹೇಳಿ ಸಾಯಿ."

ಜಿಪಾರ್‌ಳ ನಾಲಿಗೆಯ ತುದಿಗೆ ಒಂದು ಹೆಸರು ಬಂದೇ ಬಿಟ್ಟಿತ್ತು. ನುಂಗಿಕೊಂಡಳು. "ಅವರನ್ನೇ ಕೇಳೋಣ."

"ಅವರನ್ನಾ? ಸಂತೆ ಆಗುತ್ತೆ ಕಣೇ."

"ಆಗ್ಲಿ."

ಇಬ್ಬರೂ ಶೆಡ್ಡಿಗೆ ಹೋದರು. ಸಾತ್ಕಿನ್ ಬಾಗಿಲಲ್ಲಿ ನಿಂತು ಲಾರಿಯ ದನಿಯಲ್ಲಿ ವಿಷಯ ಹೇಳಿದಳು. ಹೆಂಗಸರು ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟರು. ಆಮೇಲೆ ಎಲ್ಲರೂ ಒಟ್ಟಿಗೇ ಶುರುಮಾಡಿದರು. ಒಬ್ಬಳು ತನ್ನ ನಾದಿನಿಯ ಹೆಸರು ಹೇಳಿದಳು, ನಾದಿನಿ ಬೇಡವೆಂದಳು. ಇನ್ನೊಬ್ಬಳು ತಕ್ಕಡಿ ಸರಿಯಿಲ್ಲ ಎಂಬ ಹಳೆಯ ದೂರು ಎತ್ತಿದಳು. ಹಿಂದೆ ಕೂತ, ಎರಡು ವರ್ಷದಲ್ಲಿ ಬಾಯಿ ತೆರೆದದ್ದನ್ನೇ ಜಿಪಾರ್ ನೋಡಿರದ ಹೆಂಗಸೊಬ್ಬಳು, ಒಣಹಾಕುವ ಕೆಲಸಕ್ಕೂ ಕಟ್ಟುವ ಕೆಲಸಕ್ಕೂ ವಾರಕ್ಕೊಮ್ಮೆ ಜಾಗ ಬದಲಿಸಿದರೆ ಸೊಂಟ ಉಳಿಯುತ್ತದೆ ಎಂದಳು. ಅದಕ್ಕೆ ನಾಲ್ಕು ಜನ ಹೌದೆಂದರು, ಮೂರು ಜನ ಜಗಳಕ್ಕೆ ನಿಂತರು. ಸಾತ್ಕಿನ್ ಜಿಪಾರ್‌ಳ ಕಡೆ ತಿರುಗಿ, ನೋಡು ನಿನ್ನ ಕೆಲಸ, ಎನ್ನುವಂತೆ ಹುಬ್ಬೇರಿಸಿದಳು.

ಎರಡು ಮಾತಿನಲ್ಲಿ ಮುಗಿಸಬಹುದಾಗಿತ್ತು. ಹೇಗೆಂದು ಜಿಪಾರ್‌ಗೆ ಗೊತ್ತಿತ್ತು, ಅಥವಾ ಗೊತ್ತೆಂದು ಅನಿಸುತ್ತಿತ್ತು. ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು, ನೆಟ್ಟಗಾದಳು, ಮತ್ತೆ ಒರಗಿದಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡಳು. ಹಿಂದೆ ಕೂತ ಹೆಂಗಸು ಇನ್ನೂ ಮಾತಾಡುತ್ತಿದ್ದಳು.